ಮಹಾರಾಣಿಯನ್ನು ಬಡಿದು ನೋಡಿದ್ದು

ನಮ್ಮ ಮನೆಯವರ ಕಿವಿ ಹೋಗಿದೆ ಎಂದು ನನಗೆ ತಡವಾಗಿ ಗೊತ್ತಾಯಿತು ಎಂದರೆ ಜನ ನಗುತ್ತಾರೆ. ಒಂದೇ ಸೂರಿನಡಿ ಇರುವ ಹೆಂಡತಿಗೆ ಅಷ್ಟೂ ತಿಳಿಯಲಿಲ್ಲವೇ ಎಂದು. ಹೇಗೆ ತಿಳಿಯಬೇಕು ಹೇಳಿ? ಮದುವೆಯಾದ ಹೊಸದರಿಂದಲೂ ಈ ಮನುಷ್ಯ ನನ್ನ ಮಾತನ್ನು ಕಿವಿಗೆ ಹಾಕಿಕೊಂಡವರಲ್ಲ. ಸಕ್ಕರೆ ಮುಗಿದಿದೆ ಎಂದರೆ ಹೂಂ ಎನ್ನುವುದಿಲ್ಲ. ಒಲೆ ಮೇಲೆ ಹಾಲಿದೆ, ನೋಡಿಕೊಳ್ಳಿ ಎಂದರೆ ತಲೆ ಎತ್ತುವುದಿಲ್ಲ. ಹೇಳಿ ಹೇಳಿ ಸಾಕಾಗಿ, ಗೋಡೆಗೆ ಹೇಳಿದ ಹಾಗೆ ಹೇಳಿ ನನ್ನ ಪಾಡಿಗೆ ನಾನು ಹೋಗುವುದನ್ನು ರೂಢಿ ಮಾಡಿಕೊಂಡೆ. ಇಂಥವರು ಬೇಕೆಂದೇ ಸುಮ್ಮನಿದ್ದದ್ದು ಎಲ್ಲಿಯವರೆಗೆ, ಕೇಳಿಸದೆ ಸುಮ್ಮನಿದ್ದದ್ದು ಎಲ್ಲಿಂದ ಎಂದು ಹೇಳಲು ನಾನೇನು ಡಾಕ್ಟರಲ್ಲ.

ಆದರೆ ಆ ಕಿವಿಯ ಬಗ್ಗೆ ಅವರಿಗೆ ಇದ್ದ ಜಂಬ ಅಷ್ಟಿಷ್ಟಲ್ಲ. ನೀರು ಸರಬರಾಜು ಕಚೇರಿಯಲ್ಲಿ ಅವರದು ಸೋರಿಕೆ ಹುಡುಕುವ ಕೆಲಸ. ಉದ್ದನೆಯ ಕಬ್ಬಿಣದ ಕಂಬಿಯ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದರು. ಲಾರಿ ಹೋಗಲಿ, ಬಸ್ಸು ಹೋಗಲಿ, ಇವರಿಗೆ ನೆಲದೊಳಗಿನ ನೀರಿನ ಪಿಸುಮಾತು ಬೇರೆಯಾಗಿ ಕೇಳುತ್ತಿತ್ತು. ಸೀಮೆಸುಣ್ಣದಲ್ಲಿ ಒಂದು ವೃತ್ತ ಎಳೆದು ‘ಇಲ್ಲಿ ಅಗೀರಿ’ ಎಂದರೆ ಅಲ್ಲೇ ಪೈಪು ಒಡೆದಿರುತ್ತಿತ್ತು. ನಿವೃತ್ತಿಯ ದಿನ ಕಚೇರಿಯವರು ಹಾರದ ಜೊತೆಗೆ ಆ ಕಂಬಿಯನ್ನೂ ಕೊಟ್ಟು ಕಳಿಸಿದ್ದರು. ಅದು ಈಗಲೂ ನಮ್ಮ ನಡುಮನೆಯ ಮೂಲೆಯಲ್ಲಿದೆ. ಗುಡಿಸುವಾಗಲೆಲ್ಲ ನನ್ನ ಕಾಲಿಗೆ ಬಡಿಯುತ್ತದೆ.

ಇನ್ನು ದೋಣಿಗಳ ವಿಷಯ. ಮನೆಯ ಹಿಂದೆ ತಗಡಿನ ಶೆಡ್ಡಿದೆ, ಅದರ ತುಂಬ ಹಳೆಯ ಫೈಬರ್ ದೋಣಿಗಳು. ಮೀನು ಹಿಡಿಯುವವರದ್ದಲ್ಲ. ಒಂದು ಕಾಲದಲ್ಲಿ ಉಳ್ಳವರು ಜಲಾಶಯದಲ್ಲಿ ಸುತ್ತಾಡಲೆಂದು ಕೊಂಡು, ಆಸೆ ತೀರಿದ ಮೇಲೆ ಹಿತ್ತಲಲ್ಲಿ ಬೋರಲು ಹಾಕಿ ಮರೆತವು. ಅವನ್ನು ಮಾಡಿದ ಕಂಪನಿಗಳೂ ಮುಚ್ಚಿಹೋಗಿವೆ. ಎಲ್ಲೋ ಒಂದು ಹಿತ್ತಲಲ್ಲಿ ಅಂಥದ್ದೊಂದು ಬಿದ್ದಿದೆ ಎಂದು ಸುಳಿವು ಸಿಕ್ಕರೆ ಇವರಿಗೆ ಊಟ ಸೇರುತ್ತಿರಲಿಲ್ಲ. ಕಾಡಿ ಬೇಡಿ ತರುವುದು, ಹಳೆಯ ಬಣ್ಣ ಉಜ್ಜುವುದು, ಒಡಕಿಗೆ ಗಾಜಿನ ನಾರಿನ ಬಟ್ಟೆ ಹಾಸಿ ರೆಸಿನ್ ಅಂಟು ಬಳಿಯುವುದು. ಫೈಬರ್ ಉಜ್ಜುವ ಗ್ರೈಂಡರ್ ಹಿಡಿದರೆಂದರೆ ಬೀದಿಗೆಲ್ಲ ಕೇಳುವಷ್ಟು ಸದ್ದು, ಮನೆಯೆಲ್ಲ ಗಾಜಿನ ಪುಡಿ. ಅವರ ಬಟ್ಟೆಯನ್ನು ಬೇರೆಯಾಗಿ ಒಗೆಯದಿದ್ದರೆ ನನಗೂ ಮೈಯೆಲ್ಲ ತುರಿಕೆ. ಮೂಗಿಗೆ ಬಟ್ಟೆ ಕಟ್ಟುತ್ತಿದ್ದರು, ಕಣ್ಣಿಗೆ ಕನ್ನಡಕ ಹಾಕುತ್ತಿದ್ದರು. ಕಿವಿಗೆ ಒಂದಿಷ್ಟು ಹತ್ತಿ ಇಟ್ಟುಕೊಳ್ಳಿ ಎಂದು ಎಷ್ಟು ಸಲ ಹೇಳಿದ್ದೇನೋ. ಗ್ರೈಂಡರಿನ ಸದ್ದು ಬದಲಾದರೆ ತಿಳಿಯಬೇಕಲ್ಲ ಎಂದು ವಾದ ಮಾಡುತ್ತಿದ್ದರು.

ಫೈಬರ್ ಕೊಳೆಯುವುದಿಲ್ಲ. ಕೊಳೆಯುವುದು ಅದರ ಹೊಟ್ಟೆಯೊಳಗಿನ ಮರ. ಎಂಜಿನ್ ತೂಗುಹಾಕುವ ಹಿಂಬದಿಯ ಹಲಗೆಯಲ್ಲಿ ಮರವನ್ನಿಟ್ಟು ಎರಡೂ ಕಡೆ ಫೈಬರ್ ಹೊದಿಸಿರುತ್ತಾರೆ. ಯಾವುದೋ ಸ್ಕ್ರೂ ತೂತಿನಿಂದ ನೀರು ಇಳಿದರೆ ಸಾಕು, ಮೇಲೆ ಮಿರಮಿರ ಮಿಂಚುತ್ತಿದ್ದರೂ ಒಳಗೆ ನೆನೆದ ಬ್ರೆಡ್ಡಿನ ಹಾಗಾಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬಡಿದೇ ನೋಡಬೇಕು. ಪುಟ್ಟ ಸುತ್ತಿಗೆಯಿಂದ ಅಂಗುಲ ಅಂಗುಲವಾಗಿ ಬಡಿಯುತ್ತ ಹೋದರೆ ಗಟ್ಟಿ ಮರ ‘ಟಕ್’ ಎನ್ನುತ್ತದೆ, ಸತ್ತ ಮರ ‘ದಬ್’ ಎನ್ನುತ್ತದೆ. ಮದುವೆಯ ಹೊಸದರಲ್ಲಿ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ‘ಕೇಳು, ಕೇಳು’ ಎಂದು ಗಂಟೆಗಟ್ಟಲೆ ಬಡಿದು ತೋರಿಸುತ್ತಿದ್ದರು. ಬೇರೆ ಗಂಡಂದಿರು ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದ ಕಾಲ ಅದು. ನನಗೆ ಬೇಡವಾಗಿದ್ದರೂ ಆ ವಿದ್ಯೆ ಕಿವಿಯಲ್ಲಿ ಕೂತುಬಿಟ್ಟಿತು.

ಶೆಡ್ಡಿನಲ್ಲಿದ್ದ ದೋಣಿಗಳಿಗೆಲ್ಲ ಹೆಸರಿಟ್ಟವಳು ನಾನೇ. ಬಾಗಿಲ ಬಳಿ ಬಿದ್ದಿದ್ದದ್ದು ಕುಂಟಿ. ಅದು ಯಾವ ಕಾಲಕ್ಕೂ ಏಳುವುದಲ್ಲ, ಬಿಡಿಭಾಗಕ್ಕೆಂದು ಇಟ್ಟುಕೊಂಡದ್ದು. ಅದರ ಹಿಂಬದಿಯಲ್ಲಿ ಒಂದು ಮಳೆಗಾಲ ಅಣಬೆಯೇ ಎದ್ದಿತ್ತು. ನಡುವೆ, ಮಲ್ಲಿನ ಬಟ್ಟೆ ಹೊದ್ದು ಕೂತಿದ್ದವಳು ಮಹಾರಾಣಿ. ಹಸಿರು ಮತ್ತು ಕೆನೆ ಬಣ್ಣ, ಹಿಂದೆ ಹಳೇ ಕಾಲದ ಕಾರಿಗೆ ಇರುತ್ತಿದ್ದಂಥ ಎರಡು ರೆಕ್ಕೆ. ಇವರು ಜೀವಮಾನವೆಲ್ಲ ಹುಡುಕಿದ್ದ ದೋಣಿ ಅದು. ಸಿಕ್ಕಿದ ಮೇಲೆ ವರ್ಷಾನುಗಟ್ಟಲೆ ಅದರ ಸೇವೆಯೇ ಸೇವೆ. ನನಗೆ ನೆಗಡಿಯಾದರೆ ‘ಬಿಸಿನೀರು ಕುಡಿ’ ಎನ್ನುವ ಮನುಷ್ಯ ಅದರ ಮುಂಗಾಜಿನ ಚೌಕಟ್ಟಿಗೆ ಅಂಗಡಿ ಅಂಗಡಿ ಅಲೆದರು.

ಬೈದುಕೊಂಡೇ ಇದ್ದರೂ ನನಗೂ ಮಹಾರಾಣಿ ಇಷ್ಟವಾಗಿದ್ದಳು. ಅವಳ ಸೀಟಿಗೆ ಕೆಂಪು ರೆಕ್ಸಿನ್ ಆರಿಸಿದವಳು ನಾನು, ಹೊಲಿದುಕೊಟ್ಟವನು ನನ್ನ ತಮ್ಮ. ಅವನು ಟೈಲರ್. ಮುಂದಿನ ಭಾನುವಾರ ಅವಳನ್ನು ನೀರಿಗಿಳಿಸುವುದೆಂದು ನಿಶ್ಚಯವಾಗಿತ್ತು. ಇವರ ಯಾವ ದೋಣಿಯಲ್ಲೂ ಕಾಲಿಡದಿದ್ದ ನಾನು ಇದರಲ್ಲಿ ಕೂರುತ್ತೇನೆ ಎಂದು ಒಪ್ಪಿದ್ದೆ. ಅದನ್ನು ಕೇಳಿ ಇವರು ಎರಡು ದಿನ ಸಿಳ್ಳೆ ಹಾಕಿಕೊಂಡು ಓಡಾಡಿದರು. ಸಿಳ್ಳೆಯ ಶ್ರುತಿ ಎತ್ತೆತ್ತಲೋ ಹೋಗುತ್ತಿತ್ತು. ಖುಷಿಗೆ ಹಾಗಾಗಿದೆ ಎಂದುಕೊಂಡೆ.

ಆ ವಾರದಲ್ಲೇ ಒಂದು ಮಧ್ಯಾಹ್ನ ನಾನು ಬಟ್ಟೆ ಮಡಚುತ್ತಿದ್ದಾಗ ಗೇಟು ತೆರೆದ ಸದ್ದಾಯಿತು. ನನ್ನ ತಮ್ಮ ನಿಂತಿದ್ದ. ತಲೆಯಿಂದ ಕಾಲಿನವರೆಗೆ ಒದ್ದೆ, ಹೆಗಲ ಮೇಲೆ ಯಾರದೋ ಟವೆಲ್ಲು, ಒಂದು ಕಾಲಿಗೆ ಮಾತ್ರ ಚಪ್ಪಲಿ. ಕೈಯಲ್ಲಿ ಏನನ್ನೋ ಹಿಡಿದಿದ್ದ.

“ಏನಾಯ್ತೋ?” ಎಂದೆ.

“ಭಾವ ಎಲ್ಲಿ?” ಎಂದಷ್ಟೇ ಕೇಳಿ ನೇರವಾಗಿ ಶೆಡ್ಡಿಗೆ ಹೋದ. ನಾನೂ ಹಿಂದೆಯೇ ಓಡಿದೆ.

ಇವರು ಮಹಾರಾಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಲೋಹದ ಪಟ್ಟಿಗೆ ಹೊಳಪು ಕೊಡುತ್ತಿದ್ದರು. ನನ್ನ ತಮ್ಮ ತನ್ನ ಕೈಯಲ್ಲಿದ್ದುದನ್ನು ಅವರ ಕೆಲಸದ ಮೇಜಿನ ಮೇಲೆ ಇಟ್ಟ. ಕಪ್ಪಗಾದ ಮರದ ತುಂಡು. ಇಟ್ಟ ಏಟಿಗೇ ಎರಡು ಹೋಳಾಗಿ ನೀರು ಜಿನುಗಿತು.

“ಬಿಳಿ ದೋಣಿದು ಭಾವ,” ಎಂದ. “ನೀವು ಹೋದ ಬೇಸಿಗೆಯಲ್ಲಿ ನನಗೆ ಕೊಟ್ರಲ್ಲ, ಅದರದ್ದು. ಸ್ವಲ್ಪ ಜೋರಾಗಿ ಓಡಿಸಿದೆ ಅಷ್ಟೆ. ಹಿಂದಿನ ಹಲಗೆ ಎಂಜಿನ್ ಸಮೇತ ಕಿತ್ಕೊಂಡು ಹೋಯ್ತು. ನೋಡ್ತಾ ನೋಡ್ತಾ ಮುಳುಗಿಹೋಯ್ತು. ದಡ ಹತ್ರ ಇತ್ತು, ಈಜ್ಕೊಂಡು ಬಂದೆ.”

ಇವರು ತಮ್ಮನ ಬಾಯಿಯನ್ನೇ ನೋಡುತ್ತಿದ್ದರು. ಕಣ್ಣನ್ನಲ್ಲ, ತುಟಿಯನ್ನು. ಅದನ್ನು ನಾನು ಮೊದಲ ಸಲ ಗಮನಿಸಿದ್ದು ಆಗಲೇ.

“ಅದನ್ನ ನಾನೇ ಬಡಿದು ನೋಡಿದ್ದೆ ಕಣೋ,” ಎಂದರು. “ಈ ತುದಿಯಿಂದ ಆ ತುದಿವರೆಗೂ ಗಟ್ಟಿ ಇತ್ತು.”

ತಮ್ಮ ಆ ತುಂಡನ್ನು ಕೈಗೆತ್ತಿಕೊಂಡು ಹಿಂಡಿದ. ಅದು ಬೆರಳ ಸಂದಿಯಿಂದ ಕೆಸರಿನ ಹಾಗೆ ಇಳಿಯಿತು. “ಬೆಳಿಗ್ಗೆ ಮಗಳು ನಾನೂ ಬರ್ತೀನಿ ಅಂತ ಹಟ ಹಿಡಿದಿದ್ಳು,” ಎಂದ. “ಬೈದು ಬಿಟ್ಟು ಹೋಗಿದ್ದೆ. ಅವಳಿಗೆ ಈಜು ಬರಲ್ಲ ಭಾವ.”

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಒಳಗೆ ಬಂದು ಒಣ ಬಟ್ಟೆ ಹಾಕಿಕೋ ಎಂದೆ, ಬೇಡ ಅಕ್ಕ ಎಂದು ಒಂದೇ ಚಪ್ಪಲಿಯಲ್ಲಿ ಹೊರಟುಹೋದ.

ನಾನು ಅಡುಗೆಮನೆಗೆ ಬಂದು ಕುಕ್ಕರ್ ಇಟ್ಟೆ. ಕಿಟಕಿಯಿಂದ ನೋಡಿದರೆ ಇವರು ಸುತ್ತಿಗೆ ಹಿಡಿದು ಕುಂಟಿಯ ಬಳಿ ನಿಂತಿದ್ದರು. ಮುಂಭಾಗದಲ್ಲಿ ಬಡಿದರು. ಟಕ್. ಅಣಬೆ ಎದ್ದಿದ್ದ ಹಿಂಬದಿಗೆ ಹೋಗಿ ಬಡಿದರು. ದಬ್. ಅಡುಗೆಮನೆಯಲ್ಲಿದ್ದ ನನಗೇ ಅಷ್ಟು ಸ್ಪಷ್ಟವಾಗಿ ಕೇಳಿತು. ಅವರು ಮತ್ತೆ ಮುಂದಕ್ಕೆ ಹೋದರು, ಮತ್ತೆ ಹಿಂದಕ್ಕೆ ಬಂದರು. ತಲೆಯನ್ನು ಫೈಬರಿಗೆ ತಾಗಿಸಿ ಬಡಿದರು. ಈ ಕಿವಿ ಕೊಟ್ಟರು, ಆ ಕಿವಿ ಕೊಟ್ಟರು.

ಕುಕ್ಕರ್ ಕಿಟಕಿಯ ಪಕ್ಕದಲ್ಲೇ ಕಿರುಚಿತು. ಅವರು ತಿರುಗಲಿಲ್ಲ. “ರೀ,” ಎಂದೆ. ಅದಕ್ಕೂ ಇಲ್ಲ. ಅದೇನೂ ಹೊಸದಲ್ಲ. ಆದರೆ ಅವತ್ತು ನಾನು ದೊಡ್ಡ ಸ್ಟೀಲಿನ ತಟ್ಟೆಯನ್ನು ಬೇಕೆಂದೇ ನೆಲಕ್ಕೆ ಎತ್ತಿಹಾಕಿದೆ. ಪಕ್ಕದ ಮನೆಯ ನಾಯಿ ಬೊಗಳಿತು. ಇವರು ಕುಂಟಿಗೆ ತಲೆ ಆನಿಸಿಕೊಂಡು ಹಾಗೇ ನಿಂತಿದ್ದರು. ಅಷ್ಟು ವರ್ಷ ಆ ಮನುಷ್ಯನ ಮೇಲೆ ಇಟ್ಟುಕೊಂಡಿದ್ದ ಸಿಟ್ಟಿನಲ್ಲಿ ಎಷ್ಟು ಪಾಲು ಅನ್ಯಾಯದ್ದೋ ಎಂದುಕೊಂಡೆ.

ಶೆಡ್ಡಿಗೆ ಹೋಗಿ ಅವರೆದುರು ನಿಂತೆ. ನನ್ನನ್ನು ಕಂಡು ಸುತ್ತಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡರು, ಕದ್ದು ಸಿಕ್ಕಿಬಿದ್ದವರ ಹಾಗೆ.

“ಯಾವಾಗಿಂದ ಹೀಗೆ?” ಎಂದೆ, ಬಾಯಿ ದೊಡ್ಡದು ಮಾಡಿ.

“ಗೊತ್ತಿಲ್ಲ ಕಣೇ. ಜನ ಎಲ್ಲಾ ಮೆತ್ತಗೆ ಮಾತಾಡೋಕೆ ಶುರು ಮಾಡಿದ್ದಾರೆ ಅಂದ್ಕೊಂಡಿದ್ದೆ. ನಿನಗೂ ವಯಸ್ಸಾಯ್ತು, ಜಗಳ ಕಡಿಮೆ ಆಯ್ತು ಅಂತ.” ನಗಲು ನೋಡಿದರು, ಆಗಲಿಲ್ಲ.

“ಮತ್ತೆ ಬಿಳಿ ದೋಣಿನ ಗಟ್ಟಿ ಇದೆ ಅಂದ್ರಲ್ಲ? ಕೇಳಿಸದೇ ಇದ್ರೆ ಹೇಗೆ ಹೇಳಿದ್ರಿ?”

“ಕಿವಿ ಹತ್ರ ಬಡಿದ್ರೆ ಸದ್ದು ಕೇಳಿಸುತ್ತೆ. ವ್ಯತ್ಯಾಸ ಕೇಳಿಸಲ್ಲ.” ಸುತ್ತಿಗೆಯನ್ನು ಮೇಜಿನ ಮೇಲಿಟ್ಟರು. “ಬಡಿಯೋವಾಗ ಹುಡುಕೋದು ವ್ಯತ್ಯಾಸನ. ಎಲ್ಲಾ ಕಡೆ ಒಂದೇ ಥರ ಬರ್ತಾ ಇದ್ದು, ಒಂದು ಕಡೆ ಬೇರೆ ಬಂದ್ರೆ ಅಲ್ಲಿ ಕೊಳೆತಿದೆ ಅಂತ ಅರ್ಥ. ನನಗೆ ಬೇರೆ ಅನ್ನೋದೇ ಬರ್ತಿರ್ಲಿಲ್ಲ. ಯಾವ ದೋಣಿ ಬಡಿದ್ರೂ ಒಂದೇ ಥರ. ಈಗೀಗ ಒಳ್ಳೊಳ್ಳೆ ದೋಣಿನೇ ಸಿಗ್ತಾ ಇವೆ, ನನ್ನ ಅದೃಷ್ಟ ಅಂತ ಖುಷಿಪಟ್ಟೆ.”

ಆಮೇಲೆ ಇಬ್ಬರ ಕಣ್ಣೂ ಒಟ್ಟಿಗೇ ಮಹಾರಾಣಿಯ ಕಡೆ ತಿರುಗಿತು. ಅವಳ ಹಿಂಬದಿಯ ಹಲಗೆಯನ್ನು ಇವರು ಬಿಚ್ಚಿರಲಿಲ್ಲ. ಕಂಪನಿಯವರು ಹಾಕಿದ ಮರ ಇನ್ನೂ ಕಲ್ಲಿನ ಹಾಗಿದೆ ಎಂದು ನನ್ನೆದುರೇ ಹೊಗಳಿ, ಅದರ ಮೇಲೆಯೇ ಕೋಟಿನ ಮೇಲೆ ಕೋಟು ಬಣ್ಣ ಹೊಡೆದಿದ್ದರು.

“ನಾನು ಬಡೀತೀನಿ,” ಎಂದರು. “ನೀನು ಕೇಳು.”

ಹೊದಿಕೆ ಸರಿಸಿದರು. ಆ ರೆಕ್ಕೆಗಳ ನಡುವೆ ನನ್ನ ಮುಖ ಕಾಣುವಷ್ಟು ಹೊಳಪಿತ್ತು. ಇವರು ಮೊಣಕಾಲೂರಿ, ಸುತ್ತಿಗೆಗೆ ಬಟ್ಟೆ ಸುತ್ತಿ ಬಣ್ಣ ಎದ್ದುಹೋಗದಂತೆ ಮೆಲ್ಲಗೆ ಬಡಿದರು. ಬಡಿದು ಬಡಿದು ನನ್ನ ಮುಖ ನೋಡುತ್ತಿದ್ದರು. ಎಡ ಅಂಚಿನಲ್ಲಿ ಟಕ್ ಎಂದಿತು. ನಾನು ತಲೆಯಾಡಿಸಿದೆ. ಇನ್ನೊಂಚೂರು ಒಳಕ್ಕೆ, ಟಕ್. ಅವರ ಮುಖಕ್ಕೆ ಸ್ವಲ್ಪ ಕಳೆ ಬಂತು. ದೇವರೇ, ಹೀಗೇ ಹೋಗಲಿ ಎಂದುಕೊಂಡೆ. ಎಂಜಿನ್ ತೂಗುಹಾಕುವ ನಟ್ಟನಡುವಿಗೆ ಬಂದಾಗ ದಬ್ ಎಂದಿತು. ಅದರ ಕೆಳಗೂ ದಬ್. ಬಲಗಡೆಗೆ ಪೂರ್ತಿ ದಬ್, ದಬ್, ಒದ್ದೆ ದಿಂಬಿಗೆ ಗುದ್ದಿದ ಹಾಗೆ. ನಾನು ಮುಖವನ್ನು ಕಲ್ಲು ಮಾಡಿಕೊಂಡೆ.

ಚೆನ್ನಾಗಿದೆ ಎಂಬ ಮಾತು ನನ್ನ ತುಟಿಯ ತುದಿಗೆ ಬಂದಿತ್ತು. ಹೇಳಿಬಿಟ್ಟಿದ್ದರೆ ಅವರು ನಂಬುತ್ತಿದ್ದರು, ನಂಬದೆ ಬೇರೆ ದಾರಿ ಇರಲಿಲ್ಲ. ಭಾನುವಾರ ನಾವಿಬ್ಬರೂ ಕೆಂಪು ಸೀಟಿನ ಮೇಲೆ ಕೂತು ಒಂದು ಸುತ್ತು ಹೋಗಿ ಬರಬಹುದಿತ್ತು, ಮೆಲ್ಲಗೆ ಓಡಿಸಿದರೆ ಏನೂ ಆಗುತ್ತಿರಲಿಲ್ಲವೇನೋ. ಆ ಒಂದು ಸುತ್ತು ನನಗೂ ಬೇಕಾಗಿತ್ತು ಎಂದು ಆಗ ತಿಳಿಯಿತು, ಅಳು ಬಂತು. ಆದರೆ ಒಂದೇ ಚಪ್ಪಲಿಯಲ್ಲಿ ಹೋದ ತಮ್ಮ ಕಣ್ಣ ಮುಂದೆಯೇ ಇದ್ದ.

ಇವರು ಸುತ್ತಿಗೆ ನಿಲ್ಲಿಸಿದರು. “ಏನನ್ನುತ್ತೆ?”

“ಸತ್ತಿದೆ,” ಎಂದೆ. ದನಿಯೇ ಹೊರಡಲಿಲ್ಲ.

“ಆಂ?”

“ಸತ್ತಿದೆ ರೀ.”

ಅವರು ಕಿವಿಯ ಹಿಂದೆ ಕೈ ಇಟ್ಟುಕೊಂಡು ಮುಖ ಮುಂದೆ ಚಾಚಿದರು. “ಏನಂದೆ?”

ಇಂಥ ಮಾತನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ? ಆದರೂ ಗಂಟಲು ಹರಿದುಕೊಂಡು ಕೂಗಿದೆ. “ಒಳಗೆಲ್ಲಾ ಕೊಳೆತು ಸತ್ತುಹೋಗಿದೆ ರೀ! ಕೇಳಿಸ್ತಾ? ಸತ್ತುಹೋಗಿದೆ!” ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಯಾರೋ ಇಣುಕಿ ನೋಡಿ, ಏನೆಂದುಕೊಂಡರೋ, ಮತ್ತೆ ಮೆಲ್ಲಗೆ ಮುಚ್ಚಿದರು.

ಇವರು ಕೈಯನ್ನು ಕಿವಿಯಿಂದ ಕೆಳಗಿಳಿಸಿದರು. ಸುತ್ತಿಗೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ಮಹಾರಾಣಿಯ ಹೊದಿಕೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದುಕೊಂಡರು.

“ಮೊದಲನೇ ಸಲ ನಿನ್ನ ತುಟಿ ನೋಡಿದಾಗಲೇ ಗೊತ್ತಾಯ್ತು ಕಣೇ,” ಎಂದರು. “ಇನ್ನೊಂದ್ಸಲ ಕೇಳಿದ್ರೆ ಬೇರೆ ಏನಾದ್ರೂ ಹೇಳ್ತೀಯೇನೋ ಅಂತ ಕೇಳ್ದೆ.”