ಬೆಟ್ಟದ ಮೂರನೇ ತಿರುವು

ಮೂರು ತಿಂಗಳಿಂದ ಗಂಡನ ಬೆನ್ನಿಗೆ ಸೋಪು ಹಚ್ಚಿ, ತಲೆ ಬಾಚಿ, ಅಂಗಿ ತೊಡಿಸುತ್ತಿದ್ದ ಸುಚಿತ್ರಾಗೆ ಆ ಸೋಮವಾರ ಮೈಯೆಲ್ಲ ಉರಿದುಹೋಯಿತು. ಲೋಕೇಶ ಚಾಮುಂಡಿ ಬೆಟ್ಟದ ಬಸ್ಸಿನ ಡ್ರೈವರ್. ಮೂರನೇ ತಿರುವಿನಲ್ಲಿ ಬಸ್ಸು ಜಾರಿ ತಡೆಗೋಡೆಗೆ ಗುದ್ದಿ, ಮುಂದಿನ ಸೀಟಿನ ಅಜ್ಜಿಯೊಬ್ಬರ ಕೈ ಮುರಿದಿತ್ತು. ಅಂದಿನಿಂದ ಬಲಗೈ ಮೇಲೇಳುವುದಿಲ್ಲವೆಂದು ಅವನು ಅಶೋಕಪುರಂನ ಮನೆಯಲ್ಲೇ ಕೂತಿದ್ದ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಶುಕ್ರವಾರ ಡಾಕ್ಟರ ಕೊನೆಯ ತಪಾಸಣೆ. ಬಸ್ಸು ಓಡಿಸಲು ಆಗುವುದಿಲ್ಲವೆಂದು ಅವರು ಬರೆದುಕೊಟ್ಟರೆ ಮುಗಿಯಿತು, ಅವನು ಇನ್ನು ಸ್ಟೀರಿಂಗ್ ಮುಟ್ಟುವಂತಿಲ್ಲ. ಡಿಪೋ ಗೇಟಿನಲ್ಲಿ ಕೂರಬೇಕು.

ಉರಿಗೆ ಕಾರಣ ಮಗಳು ತನುಶ್ರೀ ಗೆಳತಿಯಿಂದ ತಂದಿದ್ದ ಟೀವಿ ಆಟ. ಅದರಲ್ಲಿ ಜಪಾನಿನ ಅನಿಮೆ ಕಾರ್ಟೂನಿನ ನೀಲಿ ಕೂದಲಿನ ಹುಡುಗಿಯೊಬ್ಬಳು ಯುದ್ಧವಿಮಾನ ಹಾರಿಸುತ್ತಾಳೆ. ಬಲಗೈಯಲ್ಲಿ ಗೇಣುದ್ದದ ಕೋಲು ಹಿಡಿದು ನಿಂತರೆ, ನಮ್ಮ ಕೈ ಹೋದ ಹಾಗೆ ಅವಳ ಕೈಯೂ ಹೋಗುತ್ತದೆ. ವಿಮಾನ ಮೇಲೇರಬೇಕಾದರೆ ಕೈಯನ್ನು ತಲೆಗಿಂತ ಮೇಲೆ ಎತ್ತಲೇಬೇಕು. ತಾನು ಕಾಲೇಜಿನಲ್ಲಿದ್ದಾಗ ಯಾರೋ ಆಡಿದ್ದಾರೆಂದು ತನುಶ್ರೀ ಗೊಣಗಿದಳು. ಆಡಿದ್ದೆಲ್ಲ ಅದರಲ್ಲಿ ವಿಡಿಯೋದಂತೆ ದಾಖಲಾಗುತ್ತದೆ, ಮಧ್ಯಾಹ್ನ ಆಡಿದ ಹನ್ನೊಂದು ಆಟ ಹಾಗೆ ಉಳಿದಿದ್ದವು.

ಮಧ್ಯಾಹ್ನ ಸುಚಿತ್ರಾ ಟೈಲರ್ ಅಂಗಡಿಯಲ್ಲಿರುತ್ತಾಳೆ. ಮನೆಯಲ್ಲಿರುವವನು ಲೋಕೇಶನೊಬ್ಬನೇ. ಕೇಳಿದ್ದಕ್ಕೆ, ಪಕ್ಕದ ಮನೆಯ ಫ್ರೆಡ್ಡಿ ಬಂದು ಆಡಿರಬೇಕೆಂದು ಪೇಪರಿನಿಂದ ತಲೆ ಎತ್ತದೆ ಹೇಳಿದ. ಫ್ರೆಡ್ಡಿ ವಾರದಿಂದ ಊರಲ್ಲೇ ಇಲ್ಲವೆಂದು ಅವನ ಹೆಂಡತಿ ಹೇಳಿದಳು. ಸುಚಿತ್ರಾ ಜಗಳ ತೆಗೆಯಲಿಲ್ಲ, ಕಣ್ಣನ್ನು ಮಾತ್ರ ಆ ಬಲಗೈ ಮೇಲೆ ನೆಟ್ಟಳು. ಸೌಟು ಯಾವ ಕೈಯಲ್ಲಿ ಹಿಡಿದ, ಸೊಳ್ಳೆ ಯಾವ ಕೈಯಲ್ಲಿ ಹೊಡೆದ, ಒಂದನ್ನೂ ಬಿಡಲಿಲ್ಲ. ಬೇಕೆಂದೇ ಅಟ್ಟದ ಮೇಲಿನ ಡಬ್ಬಿ ಕೇಳಿದಳು. ಕಳ್ಳ, ಎಡಗೈಯಲ್ಲೇ ಇಳಿಸಿಕೊಟ್ಟ. ಗೇಟಿನಲ್ಲಿ ಕೂತು ಸಂಬಳ ಎಣಿಸುವ ಆಸೆ ಹುಟ್ಟಿದೆ ಇವನಿಗೆ, ಅದಕ್ಕೇ ಈ ನಾಟಕ ಎಂದು ಒಳಗೊಳಗೇ ಹಲ್ಲು ಕಡಿದಳು.

ಗುರುವಾರ ಅವನು ಕಟಿಂಗ್ ಶಾಪಿಗೆ ಹೋದಾಗ ಮಗಳಿಂದ ಆ ಆಟಗಳನ್ನು ಮತ್ತೆ ಹಾಕಿಸಿದಳು. ನೀಲಿ ಕೂದಲಿನ ಹುಡುಗಿ ವಿಮಾನದೊಳಗೆ ಕೂತಳು. ಹೊರಡುವ ಮೊದಲು ಕೈ ಚಾಚಿ ಮುಂದಿದ್ದ ಹಿಡಿಯನ್ನು ಮುಟ್ಟಿ, ಆ ಕೈಯನ್ನು ಎಡಗಣ್ಣಿಗೊಮ್ಮೆ, ಬಲಗಣ್ಣಿಗೆ ಎರಡು ಸಲ ಒತ್ತಿಕೊಂಡಳು. ಹದಿನೆಂಟು ವರ್ಷದಿಂದ ಬಸ್ಸು ಹತ್ತಿದೊಡನೆ ಸ್ಟೀರಿಂಗ್ ಮುಟ್ಟಿ ಲೋಕೇಶ ಮಾಡುತ್ತಿದ್ದದ್ದು ಅದನ್ನೇ, ಎಡಕ್ಕೊಂದು, ಬಲಕ್ಕೆರಡು.

ಸಿಕ್ಕಿಬಿದ್ದೆಯಾ ಎಂದುಕೊಂಡಳು. ಆದರೆ ಆಟ ಮುಂದುವರಿಯಿತು. ಎದುರಾಳಿ ವಿಮಾನಗಳು ಬಂದು ಬಂದು ಗುಂಡು ಹಾರಿಸಿದರೂ ಹುಡುಗಿ ಒಂದು ಗುಂಡೂ ಹೊಡೆಯಲಿಲ್ಲ. ಅಲ್ಲಿದ್ದ ಗುಡ್ಡವೊಂದನ್ನು ಬಳಸಿ ಬಳಸಿ ಏರಿದಳು. ಮೊದಲ ತಿರುವು, ಎರಡನೆಯದು. ಮೂರನೆಯದು ಬರುತ್ತಲೇ ಎತ್ತಿದ ಕೈ ಗಡಗಡ ನಡುಗಿ ಕೆಳಗಿಳಿಯಿತು. ವಿಮಾನ ಬಿತ್ತು. ಎರಡನೇ ಆಟದಲ್ಲೂ ಹಾಗೇ. ಹನ್ನೊಂದೂ ಹಾಗೇ. ಸುಚಿತ್ರಾಗೆ ಅಳು ತಡೆಯಲಾಗಲಿಲ್ಲ. ಕೈ ಏಳುವುದಿಲ್ಲವೆಂದು ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆ ತಿರುವು ಬಂದರೆ ಅದು ನಿಲ್ಲುತ್ತಿರಲಿಲ್ಲ. ಗೇಟಿನ ಕೆಲಸದ ಆಸೆಯೆಂದು ಅವಳು ಅನುಮಾನಪಟ್ಟದ್ದೇ ತಪ್ಪು.

ಲೋಕೇಶ ಬಂದವನು ಟೀವಿ ನೋಡಿ ಬಾಗಿಲಲ್ಲೇ ನಿಂತ. ವಿಮಾನದ ಹಿಂದಿನ ಸೀಟಿನಲ್ಲಿ ಇನ್ನೊಬ್ಬರೂ ಕೂತು ಆಡಬಹುದೆಂದು ಮಗಳು ಹೇಳಿದ್ದಳು. ಸುಚಿತ್ರಾ ಒಂದು ಕೋಲನ್ನು ಅವನ ಕೈಗಿಟ್ಟು, ಇನ್ನೊಂದನ್ನು ತಾನು ಹಿಡಿದು ಅವನ ಬೆನ್ನ ಹಿಂದೆ ನಿಂತಳು. ಬೈಗುಳ ಕಾದಿದ್ದವನು ಬೇರೆ ದಾರಿ ಕಾಣದೆ ಕಣ್ಣಿಗೊತ್ತಿಕೊಂಡು ಹೊರಟ. ಮೂರನೇ ತಿರುವು ಬಂತು. ಕೈ ನಡುಗಿತು.

"ಇಳ್ದ್‌ಬುಡು ಸುಚಿ," ಅಂದ. "ನನ್ ಗಾಡೀಲಿ ನೀನು ಬ್ಯಾಡ ಕಣೇ."

"ಬೆಟ್ಟಕ್ಕೆ ಟಿಕೆಟ್ ತಗೊಂಡಿದೀನಿ ಕಣ್ರೀ. ಮಧ್ಯದಲ್ಲಿ ಇಳಿಯಲ್ಲ."

ಅವನು ತಿರುಗಿ ನೋಡಲಿಲ್ಲ. ಕೈ ನಡುಗುತ್ತಲೇ ತಲೆಗಿಂತ ಮೇಲೆ ಹೋಯಿತು.