ಕಲೆ ನೀರು

ಕಿಟಕಿಯ ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕುತ್ತಿದೆ, ಇನ್ನೂ ಮಧ್ಯಾಹ್ನ, ಆಗಲೇ ಅಡುಗೆಮನೆಯಲ್ಲಿ ಸಂಜೆಗತ್ತಲು, ಕರೆಂಟು ಹೋಯಿತು, ನಲ್ಲಿಯೂ ಗೊರಗೊರ ಅಂದು ಸುಮ್ಮನಾಯಿತು, ಹೋದರೆ ಹೋಗಲಿ, ಎಲ್ಲ ತುಂಬಿಟ್ಟಾಗಿದೆ ಅಂದುಕೊಂಡಳು ಲಾಂಡ್ರಿಯ ಸೊಸೆ, ಟಾರ್ಚಿಗೆ ಸೆಲ್ಲು, ಬ್ರೆಡ್ಡು, ಬಿಸ್ಕತ್ತು, ಮಗು ಗುಬ್ಬಿಯ ಜ್ವರದ ಔಷಧಿ, ಗೋಡೆಯುದ್ದಕ್ಕೂ ನೀರಿನ ಬಾಟಲಿಗಳು, ರೇಡಿಯೋದವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದಾಳೆ, ಬಿರುಗಾಳಿ ಎರಡು ಮೂರು ದಿನ ಕೂತರೂ ಕೂರಲಿ — ಮಾಡಿದ್ದು ಅವಳೊಬ್ಬಳೇ ಅಲ್ಲ, ಅರ್ಧ ಅತ್ತೆ, ಅವರ ಮಂಡಿನೋವು ಇಂಥ ಹೊತ್ತಿನಲ್ಲಿ ಎಲ್ಲಿಗೆ ಓಡಿಹೋಗುತ್ತದೋ, ಕೆಳಗಿನ ಅಂಗಡಿಗೂ ಮೇಲಿನ ಮನೆಗೂ ಹತ್ತಿ ಇಳಿದು ಹತ್ತಿ ಇಳಿದು, ಮೇಣದಬತ್ತಿಗಳನ್ನೂ ಒಂದು ಕಟ್ಟು ಮಾಡಿಟ್ಟಿದ್ದಾರೆ, ಕೆಂಪು ದಾರದಲ್ಲಿ, ಎಷ್ಟು ಅಚ್ಚುಕಟ್ಟು, ಕೆಂಪು ದಾರ — ಮನೆಯಲ್ಲಿ ಕೆಂಪು ದಾರ ಎಲ್ಲಿತ್ತು? ಕೆಂಪು ದಾರ ಇರುವುದು ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯುವ ಆಸಿಡ್ಡಿನ, ಅದೇ ಕಲೆ ನೀರಿನ, ಬಾಟಲಿಯ ಕತ್ತಿನಲ್ಲಿ, ಯಾರೂ ಮರೆತು ಕುಡಿಯದಿರಲಿ ಎಂದು ಗಂಡ ಕಟ್ಟಿದ್ದು. ಈ ಮನೆಯಲ್ಲಿ ಎಲ್ಲವೂ ನೀರೇ, ಗಂಜಿ ನೀರು, ನೀಲಿ ನೀರು, ಕಲೆ ನೀರು, ಮದುವೆಯಾಗಿ ಬಂದ ಹೊಸದರಲ್ಲಿ, ಕುಡಿಯೋಕೆ ಯಾವ ನೀರು ಎಂದು ಕೇಳಿ ನಗೆಪಾಟಲಾಗಿದ್ದಳು, ಹಾಗೆ ಕೇಳಿದವಳೇ ಇವತ್ತು, ಅತ್ತೆ, ಕೆಳಗಿರೋ ನೀರೆಲ್ಲ ಮೇಲೆ ತಂದಿಟ್ಟುಬಿಡಿ ಅಂದಳಲ್ಲ, ಕುಡಿಯುವುದು ಎಂಬ ಒಂದು ಮಾತು ಸೇರಿಸಲಿಲ್ಲವಲ್ಲ, ಇಡೀ ಆಯುಸ್ಸು ಬಟ್ಟೆ ಒಗೆದವರಿಗೆ ಎಲ್ಲ ಅಂದರೆ ಎಲ್ಲ. ಗಂಜಿ ನೀರು ಬೆಳ್ಳಗೆ, ನೀಲಿ ನೀರು ನೀಲಿ, ನೋಡಿದರೆ ತಿಳಿಯುತ್ತದೆ, ಕಲೆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಟ್ಟೆಗೆ ಹೋದರೆ ಕರುಳು ಸುಡುತ್ತದೆ. ಅತ್ತೆ, ಈ ದಾರ ಎಲ್ಲಿಂದ ಬಿಚ್ಚಿದ್ರಿ? ಬಾಟ್ಲಿಯಿಂದ ಕಣೇ, ಬೇರೆ ಸಿಗಲಿಲ್ಲ. ಯಾವ ಬಾಟ್ಲಿಯಿಂದ? ಅತ್ತೆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು, ಇನ್ನೊಮ್ಮೆ ನೋಡಿದರು, ಎಲ್ಲಾ ಒಂದೇ ಥರ ಇದೆಯಲ್ಲೇ ಅಂದರು, ಗೋಡೆ ಹಿಡಿದು ಅಲ್ಲೇ ಕುಸಿದು ಕೂತರು.

ಗುಬ್ಬಿ. ಈಗ ತಾನೇ ಆ ತುದಿಯ ಬಾಟಲಿಯಿಂದ ಬಗ್ಗಿಸಿ ಕೊಟ್ಟಿದ್ದಾಳೆ, ಅಮ್ಮಾ, ಹುಳಿ ಇದೆ ಅಂದಿತು ಮಗು, ಜ್ವರದ ಬಾಯಿಗೆ ಎಲ್ಲಾ ಹಾಗೇ ಪುಟ್ಟಾ, ಕುಡಿ — ಕುಡಿ ಅಂದವಳು ತಾನೇ, ಎರಡು ಗುಟುಕೋ ಮೂರೋ, ಜ್ವರದಲ್ಲಿ ಬೆಲ್ಲವೂ ಕಹಿಯಾಗುತ್ತದೆ, ಹುಳಿಯಾಗುತ್ತದೆಯೇ, ಆಗುತ್ತದೆ, ಆಗಲಿ ದೇವರೇ. ಗಂಡ ಮಗುವನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ನಿಂತಿದ್ದಾನೆ, ಬೀದಿಯಲ್ಲಿ ಸೊಂಟದ ಮಟ್ಟ ನೀರು, ತಗಡಿನ ಶೀಟುಗಳು ಹಾರುತ್ತಿವೆ, ಫೋನು ಸತ್ತಿದೆ, ಆಸ್ಪತ್ರೆ ಸೇತುವೆಯಾಚೆ, ಹೋಗೋದಾ ಬೇಡ್ವಾ, ಬೇಗ ನೋಡಿ ಹೇಳು, ಅನ್ನುತ್ತಾನೆ, ಸುಮ್ಮನೆ ಕರ್ಕೊಂಡು ಹೋದ್ರೆ ದಾರೀಲೇ ಕಳ್ಕೋತೀವಿ. ಒಗೆಯಲು ಬಂದ ಗಂಟಿನಿಂದ ಒಂದು ಶಾಲೆಯ ಅಂಗಿ ಎಳೆದಳು, ಜೇಬಿನ ಕೆಳಗೆ ಪೆನ್ನು ಕಕ್ಕಿದ ನೀಲಿ ಕಲೆ, ಎಷ್ಟು ಸಲ ನೋಡಿಲ್ಲ ಅವಳು, ಕಲೆ ನೀರು ಬಿದ್ದರೆ ಮೊದಲು ಅಂಚು ತೆಳುವಾಗುತ್ತದೆ, ಆಮೇಲೆ ನಡು, ಆಮೇಲೆ ಅಲ್ಲಿ ಏನೂ ಇರಲೇ ಇಲ್ಲವೆಂಬಂತೆ ಬಿಳಿ, ನೋಡಿದಾಗಲೆಲ್ಲ ಖುಷಿಪಡುತ್ತಿದ್ದಳು. ಈ ಕಡೆಯಿಂದ ಶುರು ಮಾಡಿದಳು, ಆ ತುದಿಗೆ ಕೈ ಹೋಗಲೊಲ್ಲದು, ಒಂದು ಹನಿ, ನೀಲಿ ಹೋಗಲಿಲ್ಲ, ಮುಂದಿನದು, ಹೋಗಲಿಲ್ಲ, ಇದಾದರೂ ಆಗಿರಲಿ, ಇದೇ ವಿಷವಾಗಿರಲಿ, ನೀಲಿ ಗಟ್ಟಿಯಾಗಿ ಕೂತಿದೆ, ಮುಂದಿನದು, ಕೂತಿದೆ, ಹೋಗು ಹೋಗು ಎಂದು ಬೇಡಿಕೊಳ್ಳುತ್ತಾಳೆ, ಒಳ್ಳೆಯ ನೀರು, ಒಳ್ಳೆಯ ನೀರು, ಎಲ್ಲ ಒಳ್ಳೆಯ ನೀರು, ಇಷ್ಟೊಂದು ಒಳ್ಳೆಯ ನೀರು ಅವಳಿಗೆ ಯಾಕೆ ಬೇಕು. ಆ ತುದೀದು ನೋಡೇ, ಅನ್ನುತ್ತಾನೆ ಗಂಡ. ಮುಚ್ಚಳ ಮೊದಲೇ ಸಡಿಲವಾಗಿದೆ, ಹನಿ ಬಿತ್ತು, ನೀಲಿ ಇದೆ, ಉಸಿರು ಬಿಡಬೇಡ, ಇದೆ, ಇದ್ದ ಹಾಗೇ ಇದೆ, ಮಬ್ಬಿಗೆ ಹಾಗೆ ಕಾಣುತ್ತಿದೆ ಅಷ್ಟೇ, ನೀಲಿ ಇದೆ, ನಡುವಿನಲ್ಲಿ ಇದೆ, ಅಂಚು — ಅಂಚು ತೆಳುವಾಗುತ್ತಿದೆ, ಅಂಚು