ಕಂಕುಳ ಕಾವು

ಕೋಟಿನ ಮೂರನೆಯ ಗುಂಡಿ ಕಾಜಾದಲ್ಲಿ ಕೂರುತ್ತಿರಲಿಲ್ಲ. ಕ್ಯಾಮೆರಾ ರಿಪೇರಿಯವನ ಬೆರಳುಗಳಿಗೆ ಸಾಸಿವೆಯಷ್ಟು ಸ್ಕ್ರೂ ತಿರುಗಿಸಿ ಅಭ್ಯಾಸ. ಸತ್ತ ಅಣ್ಣನ ಎದೆಯ ಮೇಲೆ ಮಾತ್ರ ಅವು ಮಾತು ಕೇಳಲಿಲ್ಲ.

"ನಮಗೆ ಸಿಕ್ಕಾಗ ಕೋಟು ಪೂರ್ತಿ ಬಿಚ್ಚಿತ್ತು," ಎಂದ, ಅಣ್ಣನ ಜೊತೆ ಸರ್ವೆಗೆ ಹಿಮದ ಬೆಟ್ಟ ಹತ್ತಿದ್ದ ಎಂಜಿನಿಯರ್. "ಚಳಿ ತಲೆಗೇರಿದ್ರೆ ಹಾಗೇ ಅಂತೆ. ಸೆಕೆ ಅಂತ ಬಟ್ಟೆ ಬಿಚ್ತಾರಂತೆ."

"ಅವರಿಗೆ ಬುದ್ಧಿ ಕೆಟ್ಟಿತ್ತು ಅಂತೀರಾ?" ಅತ್ತಿಗೆ ಬಾಗಿಲಲ್ಲೇ ನಿಂತು ಕೇಳಿದಳು. "ಇಪ್ಪತ್ತೆರಡು ವರ್ಷ ಅದೇ ಹಿಮದ ಫೋಟೋ ತೆಗೆದವರಿಗೆ?"

ಕೋಟು ಯಾಕೆ ಬಿಚ್ಚಿತ್ತು ಎಂಬುದು ರಿಪೇರಿಯವನಿಗೆ ಹೊಳೆದಿತ್ತು, ಹೊಳೆದೂ ಬಾಯಿಗೆ ಬೀಗ ಹಾಕಿಕೊಂಡಿದ್ದ. ಹೇಳಿದರೆ ಈ ಮನೆಯ ಬಾಗಿಲು ತನಗೆ ಮುಚ್ಚುತ್ತದೆ. ಹೇಳದಿದ್ದರೆ ಅಣ್ಣ ಬುದ್ಧಿಗೆಟ್ಟವನೆಂದೇ ಮಣ್ಣಿಗೆ ಹೋಗುತ್ತಾನೆ. ಅವನಿಗೆ ಭಯವಾಗಿತ್ತು.

*

ಹದಿನೈದು ದಿನದ ಹಿಂದೆ ಅಣ್ಣ ಅಂಗಡಿಗೆ ಬಂದು, "ನಮ್ಮ ಮುದುಕಿ ಹೇಗಿದ್ದಾಳೋ?" ಎಂದಿದ್ದ. ಮುದುಕಿ ಎಂದರೆ ಅವನ ಹಳೆಯ ಕ್ಯಾಮೆರಾ. ಬರೀ ಹಲ್ಲುಚಕ್ರ, ಸ್ಪ್ರಿಂಗುಗಳದ್ದು, ಬ್ಯಾಟರಿಯ ಹಂಗಿಲ್ಲ. ಶಟರಿನ ಸ್ಪ್ರಿಂಗು ಸಡಿಲಾಗಿತ್ತು, ಅಷ್ಟೇ. ಹೊಸದು ತಮ್ಮನ ಡ್ರಾಯರಿನಲ್ಲೇ ಇತ್ತು. ಇವತ್ತು, ನಾಳೆ ಎಂದು ಅವನು ಒಂದು ತಿಂಗಳು ತಳ್ಳಿದ್ದ.

"ಅವಳು ಸ್ವಲ್ಪ ಮಲಗಲಿ ಬಿಡಣ್ಣ. ಇದನ್ನ ತಗೊಂಡ್ಹೋಗು, ಎಲೆಕ್ಟ್ರಾನಿಕ್. ಬೆಳಕು ಅದೇ ಅಳೆಯತ್ತೆ, ನೀನು ಒತ್ತಿದ್ರೆ ಸಾಕು."

"ಚಳಿಗೆ ಬ್ಯಾಟರಿ ಕೈ ಕೊಟ್ರೆ? ಆಮೇಲೆ ಅದು ಬರೀ ಇಟ್ಟಿಗೆ."

"ಕಂಕುಳಲ್ಲಿ ಇಟ್ಕೋ. ಐದು ನಿಮಿಷ ಕಾವು ಕೊಟ್ರೆ ಎದ್ದು ಕೂರತ್ತೆ."

"ನಾನೇನು ಕಾವಿಗೆ ಕೂತ ಕೋಳಿನೇನೋ?" ಎಂದು ನಗುತ್ತಲೇ ಅಣ್ಣ ಅದನ್ನು ಚೀಲಕ್ಕೆ ಹಾಕಿಕೊಂಡ. ತಮ್ಮನ ಮಾತನ್ನು ಅವನು ಎಂದೂ ತೆಗೆದುಹಾಕಿದವನಲ್ಲ.

*

"ಕ್ಯಾಮೆರಾ ಎಲ್ಲಿತ್ತು?" ರಿಪೇರಿಯವನು ಎಂಜಿನಿಯರನನ್ನು ಕೇಳಿದ.

"ಎಡಗಂಕುಳಲ್ಲಿ. ಬಿಡಿಸೋದೇ ಕಷ್ಟ ಆಯ್ತು."

ಅವನು ಗುಂಡಿಯಿಂದ ಕೈ ತೆಗೆದ.

"ಅಣ್ಣನಿಗೆ ಬುದ್ಧಿ ಕೆಟ್ಟಿರಲಿಲ್ಲ ಅತ್ತಿಗೆ. ಬ್ಯಾಟರಿಗೆ ಕಾವು ಕೊಡೋಕೆ ಕೋಟು ಬಿಚ್ಚಿದ್ದು. ಹಾಗೆ ಮಾಡು ಅಂದವನು ನಾನೇ. ಹಳೇದನ್ನ ನಾನು ರಿಪೇರಿ ಮಾಡಿರ್ಲಿಲ್ಲ. ಸೋಮಾರಿತನ, ಬೇರೇನೂ ಅಲ್ಲ."

ಅತ್ತಿಗೆ ಒಳಕ್ಕೆ ತಿರುಗಿದಳು. ಅಡುಗೆಮನೆಗೆ ಹೋಗಿ, ಬೆಟ್ಟದಿಂದ ಬಂದ ಮೇಲೆ ಎರಡು ದಿನದಿಂದ ಒಲೆಯ ಕಾವಿನಲ್ಲಿ ಬಿದ್ದಿದ್ದ ಅಣ್ಣನ ಚೀಲ ತಂದು, ಆ ಎಲೆಕ್ಟ್ರಾನಿಕ್ ಕ್ಯಾಮೆರಾ ತೆಗೆದು ಅವನ ಮುಂದಿಟ್ಟಳು.

"ಪೆಟ್ಟಿಗೆ ಮುಚ್ಚೋಕೆ ಮುಂಚೆ ಒಂದು ಫೋಟೋ ಬೇಕು ನಂಗೆ. ಇದ್ರಲ್ಲೇ ತೆಗಿ."

"ಇದ್ರಲ್ಲಿ ಬೇಡ ಅತ್ತಿಗೆ..."

"ಇದ್ರಲ್ಲೇ."

ಅವನು ಕಣ್ಣಿಗೆ ಹಿಡಿದ. ಒಳಗೆ ಪುಟ್ಟ ಕೆಂಪು ದೀಪ ಹೊತ್ತಿತು. ಒತ್ತಿದ. ಒಂದು ಕ್ಷಣವೂ ತಡವರಿಸದೆ ಶಟರ್ ಬಿತ್ತು; ಮೋಟರು ಗುರ್ ಎಂದು ಫಿಲ್ಮನ್ನು ಮುಂದಕ್ಕೆ ಎಳೆದುಕೊಂಡು, ಮುಂದಿನ ಚಿತ್ರಕ್ಕೆ ಸಿದ್ಧವಾಗಿ ನಿಂತಿತು.